ತೊರಪಳ್ಳಿಯ ರಾಜಾಜಿ: ದೈವಭಕ್ತಿಯೂ ರಾಜ್ಯಭಾರವೂ

ಕನ್ನಡದಲ್ಲಿ ಮತವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮನುಷ್ಯನು ನಂಬಿ ನಡೆಯುವ ಧರ್ಮಮಾರ್ಗವೂ ಮತವೇ. ಚುನಾವಣೆಯ ದಿನ ಪ್ರಜೆಯು ಗುಟ್ಟಾಗಿ ಕೊಟ್ಟು ಬರುವ ಒಪ್ಪಿಗೆಯೂ ಮತವೇ. ಈ ಎರಡು ಮತಗಳಿಗೆ ಪರಸ್ಪರ ಏನು ಸಂಬಂಧವಿರಬೇಕು? ದೇವರ ಸನ್ನಿಧಿಯಲ್ಲಿ ಕೈಮುಗಿದು ನಿಂತವನು ಅಧಿಕಾರಪೀಠವನ್ನು ಏರಿದಾಗ ತನ್ನ ನಂಬಿಕೆಯನ್ನು ಬಾಗಿಲಲ್ಲಿಯೇ ಬಿಟ್ಟು ಬರತಕ್ಕದ್ದೇ, ಅಥವಾ ಜೊತೆಯಲ್ಲಿ ಕರೆದುಕೊಂಡು ಹೋಗತಕ್ಕದ್ದೇ? ಜೊತೆಯಲ್ಲಿ ಕರೆದುಕೊಂಡು ಹೋದರೆ ಆ ನಂಬಿಕೆಯನ್ನು ಹೊಂದಿರದ ಪ್ರಜೆಗಳ ಗತಿಯೇನು? ಈ ಪ್ರಶ್ನೆಗಳನ್ನು ಪುಸ್ತಕದಲ್ಲಿ ಓದಿ ಬಿಟ್ಟವರು ಅನೇಕರಿದ್ದಾರೆ. ಅವುಗಳನ್ನು ತೊಂಬತ್ತನಾಲ್ಕು ವರ್ಷಗಳ ಸುದೀರ್ಘ ಜೀವಿತದಲ್ಲಿ, ಒಮ್ಮೆ ಗೆದ್ದು ಒಮ್ಮೆ ಸೋತು, ಅನುಭವಿಸಿಯೇ ತಿಳಿದವರು ಹೊಸೂರು ಸೀಮೆಯಲ್ಲಿ ಹುಟ್ಟಿದ ಶ್ರೀ ಚಕ್ರವರ್ತಿ ರಾಜಗೋಪಾಲಾಚಾರ್ಯರು. ದೇಶವೆಲ್ಲ ಅವರನ್ನು ರಾಜಾಜಿಯೆಂದು ಕರೆಯಿತು.

ಅವರ ಜನನವು 1878ನೆಯ ಇಸವಿ ಡಿಸೆಂಬರ್ 10ರಂದು, ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ. ಈಗ ಕೃಷ್ಣಗಿರಿ ಜಿಲ್ಲೆಗೆ ಸೇರಿರುವ ಆ ಸೀಮೆಯು ಅಂದು ಮದರಾಸು ಪ್ರಾಂತದ ಸೇಲಂ ಜಿಲ್ಲೆಯ ಭಾಗವಾಗಿದ್ದಿತು. ತಂದೆ ವೆಂಕಟಾರ್ಯ ಅಯ್ಯಂಗಾರರು ಗ್ರಾಮದ ಮುನ್ಸೀಫರು; ತಾಯಿ ಸಿಂಗಾರಮ್ಮನವರು. ಕುಟುಂಬವು ಆಚಾರವಂತ ಶ್ರೀವೈಷ್ಣವ ಕುಟುಂಬ. ಮನೆಮಾತು ತಮಿಳಾದರೂ, ಕನ್ನಡ ತೆಲುಗುಗಳು ಒಂದೇ ಸಂತೆಯಲ್ಲಿ ಬೆರೆತು ಕೇಳಿಬರುವ ನೆಲವದು. ಬಾಲಕನ ಮೊದಲಿನ ವಿದ್ಯಾಭ್ಯಾಸವು ತೊರಪಳ್ಳಿ ಹೊಸೂರುಗಳಲ್ಲಿ ನಡೆಯಿತು. ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕನ್ನಡದ ಗಣ್ಯ ಲೇಖಕರೆನಿಸಿದ ನವರತ್ನ ರಾಮರಾಯರು ಅಲ್ಲಿ ದೊರೆತ ಸ್ನೇಹಿತರು. ಆ ಸ್ನೇಹವು ಕಡೆಯವರೆಗೂ ಉಳಿಯಿತು. ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನು ಓದಿ 1900ರಲ್ಲಿ ಅವರು ಸೇಲಂ ಪಟ್ಟಣದಲ್ಲಿ ವಕೀಲಿಯನ್ನು ಪ್ರಾರಂಭಿಸಿದರು. ವೃತ್ತಿಯು ಕೈಹತ್ತಿತು, ಧನವೂ ಬಂದಿತು. ಪತ್ನಿ ಅಲಮೇಲುಮಂಗಮ್ಮನವರು ಐವರು ಮಕ್ಕಳನ್ನು ಬಿಟ್ಟು 1916ರಲ್ಲಿ ದೈವಾಧೀನರಾದರು. ಆಗ ರಾಜಾಜಿಯವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ; ಮತ್ತೆ ಮದುವೆಯ ಮಾತೆತ್ತಲಿಲ್ಲ. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಎರಡು ವರ್ಷಗಳ ತರುವಾಯ ಗಾಂಧೀಜಿಯವರ ಸಂಪರ್ಕವು ಉಂಟಾಯಿತು. ಅಲ್ಲಿಗೆ ವಕೀಲಿಯೂ ಸಂಪಾದನೆಯೂ ಮುಗಿದವು.

ಅಸಹಕಾರ ಚಳವಳಿಯಲ್ಲಿ ಸೆರೆಯಾಗಿ 1922ರ ಆದಿಯಲ್ಲಿ ವೇಲೂರಿನ ಸೆರೆಮನೆಯಲ್ಲಿದ್ದಾಗ ಅವರು ದಿನಚರಿಯೊಂದನ್ನು ಬರೆದಿಟ್ಟರು. ಸ್ವರಾಜ್ಯವು ನಾಳೆಯೇ ಕೈಗೆ ಬರುವುದೆಂದು ದೇಶವೆಲ್ಲ ಸಂಭ್ರಮಿಸುತ್ತಿದ್ದ ಕಾಲವದು. ಆದರೆ ಆ ದಿನಚರಿಯಲ್ಲಿ ಬೇರೊಂದು ಚಿಂತೆಯಿದೆ. ಸ್ವರಾಜ್ಯವು ಬಂದ ಮಾತ್ರಕ್ಕೆ ಜನರು ಸುಖಪಡಲಾರರು. ಚುನಾವಣೆಗಳೂ ಅವುಗಳ ಬೆನ್ನಿಗೆ ಬರುವ ಲಂಚವೂ ಹಣವಂತರ ದರ್ಪವೂ ಪ್ರಜೆಗಳನ್ನು ಕಾಡುವುವು. ಎಳೆಯ ವಯಸ್ಸಿನಿಂದಲೇ ಸದಾಚಾರವನ್ನೂ ದೈವಭೀತಿಯನ್ನೂ ಪ್ರೀತಿಯನ್ನೂ ಕಲಿಸುವ ವಿದ್ಯೆಯೊಂದೇ ಅದಕ್ಕೆ ಪರಿಹಾರ — ಇದು ಅಲ್ಲಿ ಅವರು ಬರೆದುದರ ತಾತ್ಪರ್ಯ. ಮೊದಲನೆಯ ಸಾರ್ವತ್ರಿಕ ಚುನಾವಣೆಗೆ ಇನ್ನೂ ಸುಮಾರು ಮೂವತ್ತು ವರ್ಷಗಳಿದ್ದಾಗ ಬರೆದ ಮಾತು ಇದೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ದೈವಭೀತಿಯನ್ನು ಅವರು ಪೂಜಾಗೃಹದ ವಿಷಯವೆಂದು ಎಣಿಸಲಿಲ್ಲ. ಮತ ಹಾಕುವವನಿಗೂ ಮತ ಬೇಡುವವನಿಗೂ ಬೇಕಾದ ಸಾಮಗ್ರಿಯೆಂದು ಎಣಿಸಿದರು.

ಆದರೆ ಆ ದೈವಭೀತಿಯು ಯಾರ ಪಕ್ಷದಲ್ಲಿ ನಿಲ್ಲಬೇಕು? ಅದಕ್ಕೆ ಉತ್ತರವು ತಿರುಚಾನೂರಿನ ಪ್ರಕರಣದಲ್ಲಿ ದೊರೆಯಿತು. ತಿರುಪತಿಯ ಬಳಿಯ ತಿರುಚಾನೂರು ಪದ್ಮಾವತಿ ಅಮ್ಮನವರ ಕ್ಷೇತ್ರ. ಅಲಮೇಲುಮಂಗೆಯೆಂಬುದು ಆ ತಾಯಿಯದೇ ಇನ್ನೊಂದು ಹೆಸರು. ಆ ಗುಡಿಯೊಳಗೆ ಮಾಲ ಜಾತಿಯ ಭಕ್ತನೊಬ್ಬನು ದರ್ಶನದ ಹಂಬಲದಿಂದ ಹೋದನು. ಅವನ ಪ್ರವೇಶದಿಂದ ಮತಕ್ಕೆ ಅವಮಾನವಾಯಿತೆಂದು ಮೊಕದ್ದಮೆ ನಡೆದು ಅವನಿಗೆ ಶಿಕ್ಷೆಯಾಯಿತು. ರಾಜಾಜಿಯವರು ಬ್ರಿಟಿಷರ ನ್ಯಾಯಸ್ಥಾನಗಳಿಗೆ ಹೋಗುವುದಿಲ್ಲವೆಂದು ವ್ರತ ತೊಟ್ಟು ವಕೀಲಿಯನ್ನು ಬಿಟ್ಟು ಆಗ ವರ್ಷಗಳೇ ಕಳೆದಿದ್ದವು. ಆದರೂ 1925ರ ಸುಮಾರಿಗೆ ಈ ಮೊಕದ್ದಮೆಯ ಅಪೀಲಿನಲ್ಲಿ, ಚಿತ್ತೂರಿನಲ್ಲಿ, ಆ ಬಡ ಭಕ್ತನ ಪರವಾಗಿ ಅವರು ನಿಂತು ವಾದಿಸಿದರು. ಅವನು ಬಿಡುಗಡೆ ಹೊಂದಿದನು. ವ್ರತಭಂಗವಾಯಿತೆಂದು ಆಡಿಕೊಂಡವರಿರಬಹುದು. ಭಗವಂತನನ್ನು ನೋಡಬೇಕೆಂಬ ಒಬ್ಬನ ಬಯಕೆಯು ಅಪರಾಧವೆನಿಸಿದಾಗ ತಮ್ಮ ವ್ರತವೇ ದೊಡ್ಡದೆಂದು ಸುಮ್ಮನಿರುವುದು ಅವರಿಗೆ ಸಾಧ್ಯವಾಗಲಿಲ್ಲ. ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ ಈ ಪ್ರಕರಣವನ್ನು ಕುರಿತು ಬರೆದರು.

ಅದೇ 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯದಲ್ಲಿ ಅವರು ಗಾಂಧಿ ಆಶ್ರಮವನ್ನು ಸ್ಥಾಪಿಸಿದರು. ನೂಲುವುದು, ನೇಯಿಸುವುದು, ರೋಗಿಗಳಿಗೆ ಔಷಧ ಕೊಡುವುದು ಅಲ್ಲಿಯ ನಿತ್ಯಕರ್ಮ. ಅಸ್ಪೃಶ್ಯರೆನಿಸಿದವರು ಅಲ್ಲಿ ಉಳಿದವರೊಡನೆ ಸಮನಾಗಿ ಬಾಳಿದರು. ಆ ಬಯಲುಸೀಮೆಯ ಹಳ್ಳಿಗಳಲ್ಲಿ ಸಂಜೆಯ ವೇಳೆಗೆ ಏನಾಗುತ್ತದೆಂಬುದನ್ನು ರಾಜಾಜಿಯವರು ಕಣ್ಣಾರೆ ಕಂಡುದು ಅಲ್ಲಿಯೇ. ಹಗಲೆಲ್ಲ ದುಡಿದ ಕೂಲಿಯು ಹೆಂಡದಂಗಡಿಯಲ್ಲಿ ಕರಗುವುದು, ಮನೆಯಲ್ಲಿ ಒಲೆ ಹೊತ್ತದೆ ಮಕ್ಕಳು ಮಲಗುವುದು, ಹೆಂಡತಿಯ ಕೊರಳಿನ ತಾಳಿಯೂ ಗಿರವಿಗೆ ಹೋಗುವುದು. ಇದನ್ನು ಬರಿಯ ದುರಭ್ಯಾಸವೆಂದು ಅವರು ಎಣಿಸಲಿಲ್ಲ. ಸರ್ಕಾರವು ಅಂಗಡಿಗಳನ್ನು ಹರಾಜು ಹಾಕಿ ಆ ಹಣದಿಂದ ಪಾಠಶಾಲೆ ನಡೆಸುವುದು ಅಧರ್ಮವೆಂದು ಎಣಿಸಿದರು. 1929ರಲ್ಲಿ ಆಶ್ರಮದಿಂದಲೇ ಪಾನನಿರೋಧಕ್ಕಾಗಿ ವಿಮೋಚನಂ ಎಂಬ ತಮಿಳು ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ಕಲ್ಕಿ ಕೃಷ್ಣಮೂರ್ತಿಯವರು ಅದರಲ್ಲಿ ಅವರ ಸಹಾಯಕರು.

ಪರರಿಗೆ ಹೇಳಿದುದನ್ನು ಮೊದಲು ತಮ್ಮ ಮನೆಯಲ್ಲಿ ನಡೆಸಬೇಕಾದ ಪರೀಕ್ಷೆಯೂ ಅವರಿಗೆ ಬಂದಿತು. ಗಾಂಧೀಜಿಯವರ ಕಿರಿಯ ಮಗ ದೇವದಾಸರೂ ರಾಜಾಜಿಯವರ ಮಗಳು ಲಕ್ಷ್ಮಿಯೂ ಪರಸ್ಪರ ಒಲಿದರು. ವರನು ವೈಶ್ಯ, ವಧು ಬ್ರಾಹ್ಮಣಕನ್ಯೆ. ತಂದೆಯರಿಬ್ಬರೂ ಕೂಡಿ, ಒಬ್ಬರನ್ನೊಬ್ಬರು ಕಾಣದೆ ಐದು ವರ್ಷ ಕಾದು, ಆಗಲೂ ಮನಸ್ಸು ಬದಲಾಗದಿದ್ದರೆ ಮದುವೆ ಆಗಲಿ ಎಂದು ನಿಯಮಿಸಿದರು. ಮನಸ್ಸು ಬದಲಾಗಲಿಲ್ಲ, 1933ರಲ್ಲಿ ಪುಣೆಯಲ್ಲಿ ವಿವಾಹವು ನಡೆಯಿತು. ಶಾಸ್ತ್ರವನ್ನು ಅಷ್ಟೊಂದು ಓದಿದ ಅಯ್ಯಂಗಾರರ ಮನೆಯಲ್ಲಿ ಹೀಗಾಯಿತೆಂದು ಅಗ್ರಹಾರಗಳಲ್ಲಿ ಬಹುಕಾಲ ಮಾತು ನಡೆಯಿತು.

1937ರ ಜುಲೈ ತಿಂಗಳಲ್ಲಿ ಅವರು ಮದರಾಸು ಪ್ರಾಂತದ ಆಡಳಿತವನ್ನು ವಹಿಸಿಕೊಂಡರು. ಪ್ರಾಂತದ ಮುಖ್ಯಮಂತ್ರಿಯನ್ನು ಆ ಕಾಲದಲ್ಲಿ ಪ್ರಧಾನಮಂತ್ರಿಯೆಂದೇ ಕರೆಯುತ್ತಿದ್ದರು. ಆ ಚುನಾವಣೆಯಲ್ಲಿ ಎಲ್ಲರಿಗೂ ಮತವಿರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆ ಮೊದಲಾದ ಅರ್ಹತೆಯುಳ್ಳವರಿಗೆ ಮಾತ್ರ. ಕುಡುಕನ ಹೆಂಡತಿಗಂತೂ ಬಹುಮಟ್ಟಿಗೆ ಇರಲಿಲ್ಲ. ಮತವಿಲ್ಲದವಳ ಮೊರೆಯನ್ನು ಶಾಸನವಾಗಿ ಮಾಡುವುದು ಅವರ ಮೊದಲನೆಯ ಕಾರ್ಯಗಳಲ್ಲೊಂದಾಯಿತು. ಪಾನನಿರೋಧ ಶಾಸನವು ಅದೇ ವರ್ಷ ಅಂಗೀಕೃತವಾಗಿ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂದಿತು. ಪ್ರಾಂತವನ್ನೆಲ್ಲ ಒಮ್ಮೆಗೇ ಹಿಡಿಯಲಿಲ್ಲ. ತಮ್ಮ ಹುಟ್ಟೂರು ಸೇರಿದ, ತಮ್ಮ ಆಶ್ರಮವಿದ್ದ ಜಿಲ್ಲೆಯಲ್ಲಿಯೇ ಮೊದಲು ಪರೀಕ್ಷಿಸಿದರು. ಹೀಗಾಗಿ ಮದರಾಸು ಪ್ರಾಂತದಲ್ಲಿ ಹೆಂಡ ಸಾರಾಯಿಗಳ ಅಂಗಡಿಗಳು ಮೊದಲು ಮುಚ್ಚಿದ ಸೀಮೆಗಳಲ್ಲಿ ಹೊಸೂರು ತಾಲ್ಲೂಕೂ ಒಂದು. ಮರುವರ್ಷ ಚಿತ್ತೂರು, ಕಡಪ ಜಿಲ್ಲೆಗಳಿಗೂ, 1939ರಲ್ಲಿ ಉತ್ತರ ಆರ್ಕಾಡು ಜಿಲ್ಲೆಗೂ ಶಾಸನವು ವಿಸ್ತರಿಸಿತು.

ಭಕ್ತಿಯಿಂದ ಮಾಡಿದ ಕಾರ್ಯವಾದರೂ ಲೆಕ್ಕವನ್ನು ಒಪ್ಪಿಸಲೇಬೇಕು. ಅಬಕಾರಿಯು ಬೊಕ್ಕಸದ ದೊಡ್ಡ ಆದಾಯಗಳಲ್ಲೊಂದು. ಜಿಲ್ಲೆ ಜಿಲ್ಲೆಯಾಗಿ ಅದನ್ನು ಕಳೆದುಕೊಳ್ಳುತ್ತ ಹೋದರೆ ಸರ್ಕಾರವು ನಡೆಯುವ ಬಗೆ ಹೇಗೆ? ದೇವರು ಕೊಡುವನೆಂದು ಹೇಳಿ ರಾಜಾಜಿಯವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯ ಶಾಸನವನ್ನು ತಂದರು. ಎಲ್ಲ ಸರಕುಗಳಿಗೂ ಅನ್ವಯಿಸುವ ಅಂಥ ತೆರಿಗೆಯು ಭಾರತದಲ್ಲಿ ಅದೇ ಮೊದಲು. ವರ್ತಕರು ಗದ್ದಲವೆಬ್ಬಿಸಿದರು. ಕುಡಿಯದವನೂ ಕುಡುಕನಿಗಾಗಿ ಏಕೆ ತೆರಬೇಕೆಂಬ ಪ್ರಶ್ನೆಯೂ ಬಂದಿತು, ಅದು ತೀರ ಅನ್ಯಾಯದ ಪ್ರಶ್ನೆಯೂ ಅಲ್ಲ. ತಮ್ಮ ಧರ್ಮಬುದ್ಧಿಗೆ ಸರಿಕಂಡುದನ್ನು ಸರ್ಕಾರದ ನೀತಿಯಾಗಿ ಮಾಡುವಾಗ ಅದರ ಬೆಲೆಯನ್ನು ಪ್ರಜೆಗಳಿಗೆ ಮುಂದಾಗಿ ತಿಳಿಸಿ, ಶಾಸನಸಭೆಯ ಒಪ್ಪಿಗೆ ಪಡೆದು, ಬಹಿರಂಗವಾಗಿ ವಸೂಲು ಮಾಡಿದರೆಂಬುದು ಅವರ ಪಕ್ಷದಲ್ಲಿ ಹೇಳಬೇಕಾದ ಮಾತು. ಈ ಕಾರ್ಯಕ್ಕೆ ಇನ್ನೊಂದು ಮುಖವೂ ಉಂಟು. ಮರವೇರಿ ಹೆಂಡವಿಳಿಸಿ ಬದುಕುತ್ತಿದ್ದ ಕುಟುಂಬಗಳಿಗೆ ಕೈಕಸುಬು ಹೋಯಿತು. ಕಾಡುಮೇಡುಗಳಲ್ಲಿ ಕಳ್ಳಭಟ್ಟಿಯು ತಲೆಯೆತ್ತಿತು. ಮದರಾಸು ಸರ್ಕಾರದ ಕಾನೂನು ಮೈಸೂರಿನ ಗಡಿಗೆ ಬಂದು ನಿಲ್ಲುತ್ತಿತ್ತು. ಗಡಿಯ ಊರುಗಳಲ್ಲಿ ಬಾಳುವವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇದೇ ಮೂರು ವರ್ಷಗಳಲ್ಲಿ ಅವರ ಕೈಯಿಂದ ನಡೆದ ಇನ್ನೊಂದು ಮಹಾಕಾರ್ಯವು ದೇವಾಲಯ ಪ್ರವೇಶ. ದೇವಸ್ಥಾನದ ಗೋಪುರವನ್ನು ಜೀರ್ಣೋದ್ಧಾರ ಮಾಡುವುದು ಒಂದು. ಅದರ ಬಾಗಿಲನ್ನು ಜೀರ್ಣೋದ್ಧಾರ ಮಾಡುವುದು ಇನ್ನೊಂದು. ಎರಡನೆಯದು ಕಲ್ಲುಕುಟಿಗರಿಂದ ಆಗುವಂಥದಲ್ಲ. ತಿರುವಾಂಕೂರಿನ ಮಹಾರಾಜರು 1936ರ ನವೆಂಬರ್ 12ರಂದು ಘೋಷಣೆಯೊಂದರಿಂದ ತಮ್ಮ ಸಂಸ್ಥಾನದ ದೇವಾಲಯಗಳನ್ನು ಹಿಂದೂಗಳೆಲ್ಲರಿಗೂ ತೆರೆದಿದ್ದರು. ಅರಸನಿಗೆ ಆಜ್ಞೆಯೊಂದೇ ಸಾಕು. ಶಾಸನಸಭೆಗೆ ಉತ್ತರ ಹೇಳಬೇಕಾದ ಮಂತ್ರಿಗೆ ಅಷ್ಟು ಸುಲಭವಲ್ಲ. 1938ರಲ್ಲಿ ದಲಿತ ಮುಖಂಡರಾದ ಎಂ. ಸಿ. ರಾಜಾ ಅವರು ಪ್ರಾಂತಕ್ಕೆಲ್ಲ ಅನ್ವಯಿಸುವ ದೇವಾಲಯ ಪ್ರವೇಶ ಮಸೂದೆಯೊಂದನ್ನು ತಂದರು. ರಾಜಾಜಿಯವರು ಅದನ್ನು ಬೆಂಬಲಿಸುವರೆಂದೇ ಎಲ್ಲರೂ ನಂಬಿದ್ದರು. ಅವರು ಬೆಂಬಲಿಸಲಿಲ್ಲ, ಮಸೂದೆಯು ಬಿದ್ದಿತು. ಭಕ್ತರ ಮನಸ್ಸು ಸಿದ್ಧವಾಗುವ ಮುಂಚೆ ಕಾನೂನಿನ ಬಲದಿಂದ ಬಾಗಿಲು ತೆರೆದರೆ ಗಲಭೆಯಾಗಿ ಕಾರ್ಯವೇ ಕೆಡುವುದೆಂದು ಅವರ ಎಣಿಕೆ. ರಾಜಾ ಅವರಿಗೆ ಇದು ವಿಶ್ವಾಸದ್ರೋಹವಾಗಿ ಕಂಡಿತು. ತಲೆತಲಾಂತರದಿಂದ ಹೊರಗೆ ನಿಂತವನಿಗೆ ಇನ್ನೂ ಸ್ವಲ್ಪ ತಾಳೆಂದು ಒಳಗಿರುವವನು ಹೇಳಿದರೆ ನೋವಾಗುವುದು ಸಹಜ. ಆ ನೋವನ್ನು ರಾಜಾಜಿಯವರ ಜಾಣ್ಮೆಯು ಅಳಿಸಲಾರದು.

ಆ ಮಸೂದೆಯ ಬದಲಿಗೆ ಅವರು ತಂದುದು ಮಲಬಾರ್ ಜಿಲ್ಲೆಗೆ ಮಾತ್ರ ಅನ್ವಯಿಸುವ ಒಂದು ಶಾಸನ. ವಯನಾಡೂ ಅಂದು ಆ ಜಿಲ್ಲೆಗೆ ಸೇರಿದ್ದಿತು. ದೇವಾಲಯವನ್ನು ತೆರೆಯಬೇಕೇ ಬೇಡವೇ ಎಂಬುದನ್ನು ಆ ಸೀಮೆಯ ಸವರ್ಣ ಹಿಂದೂ ಮತದಾರರ ಬಹುಮತದಿಂದ ತಿಳಿಯುವ ಏರ್ಪಾಡು ಅದರಲ್ಲಿದ್ದಿತು. ಒಂದು ಮತವು ಇನ್ನೊಂದು ಮತವನ್ನು ನಿರ್ಣಯಿಸುವ ವಿಚಿತ್ರ ಪ್ರಯೋಗವಿದು! ದೇವರ ಬಾಗಿಲನ್ನು ಎಣಿಕೆಯಿಂದ ತೆರೆಯಬಹುದೇ ಎಂದು ಆಸ್ತಿಕರು ಕೇಳಿದರು. ಹೊರಗೆ ನಿಂತವರ ಹಕ್ಕನ್ನು ಒಳಗಿನವರ ಎಣಿಕೆಗೆ ಒಪ್ಪಿಸಬಹುದೇ ಎಂದು ದಲಿತರು ಕೇಳಿದರು. ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು. ಆದರೂ ನಂಬಿಕೆಯ ವಿಷಯದಲ್ಲಿ ಬದಲಾವಣೆಯನ್ನು ತರುವಾಗ ನಂಬುವವರ ಸಮ್ಮತಿಯನ್ನು ಕೇಳಬೇಕೆಂಬ ವಿಚಾರವನ್ನು ಕಾನೂನಿನ ರೂಪಕ್ಕೆ ತಂದವರು ಅವರೆಂಬುದನ್ನು ಮರೆಯುವಂತಿಲ್ಲ.

ಮುಂದಿನ ವರ್ಷ ಮಧುರೆಯಲ್ಲಿ ಘಟನೆಗಳು ಎಲ್ಲ ಲೆಕ್ಕಾಚಾರಗಳನ್ನೂ ದಾಟಿ ಓಡಿದವು. 1939ರ ಜುಲೈ 8ರಂದು ವಕೀಲರೂ ಹರಿಜನ ಸೇವಕರೂ ಆಗಿದ್ದ ಎ. ವೈದ್ಯನಾಥ ಅಯ್ಯರರು ಕೆಲವರು ದಲಿತರನ್ನೂ ಒಬ್ಬ ನಾಡಾರರನ್ನೂ ಜೊತೆಯಲ್ಲಿ ಕರೆದುಕೊಂಡು ಮೀನಾಕ್ಷಿ ಅಮ್ಮನವರ ದೇವಾಲಯವನ್ನು ಪ್ರವೇಶಿಸಿ ದರ್ಶನ ಮಾಡಿಸಿದರು. ಹಾಗೆ ಒಳಗೆ ಹೋದವರಲ್ಲಿ ಪಿ. ಕಕ್ಕನ್ ಎಂಬ ಯುವಕರೂ ಇದ್ದರು. ಮುಂದೆ ಅವರೇ ಮದರಾಸು ರಾಜ್ಯದ ಮಂತ್ರಿಗಳಾದರು. ದೇವಿಯ ಸನ್ನಿಧಿಯು ಅಪವಿತ್ರವಾಯಿತೆಂದು ಕೆಲವರು ಅರ್ಚಕರು ಪೂಜೆ ಮಾಡಲು ನಿರಾಕರಿಸಿದರು. ಒಳಗೆ ಬಿಟ್ಟ ಅಧಿಕಾರಿಗಳ ಮೇಲೆಯೂ ಹೋದವರ ಮೇಲೆಯೂ ಮೊಕದ್ದಮೆ ಹೂಡುವ ಸನ್ನಾಹ ನಡೆಯಿತು. ಹಳೆಯ ಕಾನೂನಿನಂತೆ ಅದು ನಿಲ್ಲುವಂಥದೂ ಆಗಿದ್ದಿತು. ತಿರುಚಾನೂರಿನ ಭಕ್ತನ ಸಂಕಟವೇ ಮತ್ತೊಮ್ಮೆ, ಈಗ ದೊಡ್ಡ ಪ್ರಮಾಣದಲ್ಲಿ, ರಾಜಾಜಿಯವರ ಮುಂದೆ ಬಂದು ನಿಂತಿತು. ಈ ಸಲ ಅವರು ಕಾಯಲಿಲ್ಲ. ಪ್ರವೇಶಿಸಿದವರಿಗೂ ಬಿಟ್ಟವರಿಗೂ ರಕ್ಷಣೆ ಕೊಡುವ ಸುಗ್ರೀವಾಜ್ಞೆಯು ಕೆಲವೇ ದಿನಗಳಲ್ಲಿ ಹೊರಟಿತು. ಹಿಂದೆಯೇ ಅದು ದೇವಾಲಯ ಪ್ರವೇಶದ ಶಾಸನವಾಗಿ ಅಂಗೀಕೃತವಾಯಿತು. ತಂಜಾವೂರಿನ ಬೃಹದೀಶ್ವರ ದೇವಾಲಯವೂ ಬಾಗಿಲು ತೆರೆಯಿತು. ಪ್ರಾಂತಕ್ಕೆಲ್ಲ ಕಡ್ಡಾಯವಾದ ಶಾಸನವು 1947ರಲ್ಲಿ ಬಂದಿತು. ಅಷ್ಟು ಹೊತ್ತಿಗೆ ಎಂ. ಸಿ. ರಾಜಾ ಅವರು ಗತಿಸಿದ್ದರು.

ಇದೇ ಆಡಳಿತದಲ್ಲಿ ಹಿಂದಿಯನ್ನು ಕೆಲವು ಪಾಠಶಾಲೆಗಳಲ್ಲಿ ಕಡ್ಡಾಯ ಮಾಡಿದುದರಿಂದ ದೊಡ್ಡ ಚಳವಳಿಯೆದ್ದು ನೂರಾರು ಜನರು ಸೆರೆಗೆ ಹೋದರು. ಅವರಲ್ಲಿ ಈರೋಡಿನ ಇ. ವಿ. ರಾಮಸ್ವಾಮಿಯವರು ಮುಖ್ಯರು. ಪೆರಿಯಾರರೆಂದು ಪ್ರಸಿದ್ಧರಾದ ಇವರ ಮನೆಮಾತು ಕನ್ನಡ. ದೇವರಿಲ್ಲವೆಂದು ಬೀದಿ ಬೀದಿಯಲ್ಲಿ ಸಾರಿದವರು ಇವರು. ದೇವರಿಲ್ಲದೆ ರಾಜ್ಯವಿಲ್ಲವೆಂದು ನಂಬಿದವರು ರಾಜಾಜಿ. ಕಾಂಗ್ರೆಸ್ಸಿನಲ್ಲಿ ಒಟ್ಟಿಗೆ ದುಡಿದು ಸ್ನೇಹಿತರಾದ ಈ ಇಬ್ಬರೂ ರಾಜಕೀಯದಲ್ಲಿ ಐವತ್ತು ವರ್ಷ ಎದುರು ಬದುರು ನಿಂತರು. ಸ್ನೇಹವು ಮಾತ್ರ ಒಂದು ದಿನವೂ ಕೆಡಲಿಲ್ಲ. ತಮ್ಮ ಸರ್ಕಾರವೇ ಸೆರೆಗೆ ಹಾಕಿದವರೊಡನೆ ಸ್ನೇಹವನ್ನು ಉಳಿಸಿಕೊಳ್ಳುವುದೂ, ತಮ್ಮನ್ನು ಸೆರೆಗೆ ಹಾಕಿದವರನ್ನು ಮಿತ್ರರೆಂದು ಒಪ್ಪುವುದೂ ಎರಡು ಕಡೆಯಿಂದಲೂ ಸಾಮಾನ್ಯ ಗುಣವಲ್ಲ.

1939ರ ಅಕ್ಟೋಬರಿನಲ್ಲಿ ಮಂತ್ರಿಮಂಡಲವು ರಾಜೀನಾಮೆಯಿತ್ತಿತು. ಅನಂತರದ ಹತ್ತು ವರ್ಷಗಳ ಕಥೆಯು ದೇಶದ ಇತಿಹಾಸದಲ್ಲಿಯೇ ಸೇರಿದೆ. 1942ರಲ್ಲಿ ಅವರು ಕಾಂಗ್ರೆಸ್ಸಿನಿಂದ ಬೇರೆಯಾದುದು, ಮರಳಿ ಸೇರಿದುದು, 1947ರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾದುದು, 1948ರ ಜೂನ್ ತಿಂಗಳಿಂದ ಗಣರಾಜ್ಯೋತ್ಸವದವರೆಗೆ ಭಾರತದ ಗವರ್ನರ್ ಜನರಲ್ ಆದುದು ಎಲ್ಲರಿಗೂ ತಿಳಿದಿದೆ. ತೊರಪಳ್ಳಿಯ ಮುನ್ಸೀಫರ ಮಗನು ಆ ಪದವಿಯನ್ನು ಪಡೆದ ಒಬ್ಬನೇ ಭಾರತೀಯ. ಅವರ ಅನಂತರ ಪದವಿಯೇ ಇಲ್ಲವಾಯಿತು. ಕೇಂದ್ರದಲ್ಲಿ ಗೃಹಮಂತ್ರಿಯಾಗಿಯೂ ಇದ್ದು, ದಣಿದು, ಮನೆಗೆ ಮರಳಿದ್ದರು.

1952ರಲ್ಲಿ ಮೊದಲ ಬಾರಿಗೆ ವಯಸ್ಕರೆಲ್ಲರಿಗೂ ಮತವು ದೊರೆತು ಚುನಾವಣೆ ನಡೆದಾಗ ಮದರಾಸಿನಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಕಾಂಗ್ರೆಸ್ಸಿಗೆ 375ರಲ್ಲಿ 152 ಸ್ಥಾನಗಳು ಮಾತ್ರ. ಎಪ್ಪತ್ತಮೂರರ ವೃದ್ಧರನ್ನು ಕರೆತಂದು ಮುಖ್ಯಮಂತ್ರಿಯನ್ನಾಗಿ ಮಾಡಿದರು. ಅವರು ಚುನಾವಣೆಗೆ ನಿಂತವರಲ್ಲ. ರಾಜ್ಯಪಾಲರು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದವರು. ಪ್ರಜೆಯ ಮತವನ್ನು ಕೇಳದೆ ಪ್ರಜೆಯನ್ನು ಆಳುವುದು ಸರಿಯೇ ಎಂದು ವಿರೋಧಿಗಳು ಕೇಳಿದರು, ಕೇಳಬೇಕಾದುದೂ ನ್ಯಾಯವೇ. ಆ ವರ್ಷವೇ ಅವರು ಧಾನ್ಯದ ನಿಯಂತ್ರಣವನ್ನೂ ಪಡಿತರವನ್ನೂ ಧೈರ್ಯದಿಂದ ತೆಗೆದುಹಾಕಿದಾಗ ಜನರು ಕೊಂಡಾಡಿದರು. ಮರುವರ್ಷ ತಂದ ಶಿಕ್ಷಣ ಯೋಜನೆಯು ಆ ಹೊಗಳಿಕೆಯನ್ನೆಲ್ಲ ನುಂಗಿತು.

ಹಳ್ಳಿಯ ಪ್ರಾಥಮಿಕ ಶಾಲೆಗಳು ದಿನಕ್ಕೆ ಮೂರು ಗಂಟೆಗಳಂತೆ ಎರಡು ಸರದಿಯಲ್ಲಿ ನಡೆಯತಕ್ಕದ್ದು. ಉಳಿದ ಹೊತ್ತು ಮಕ್ಕಳು ಮನೆಯ ಹಿರಿಯರ ಕಸುಬನ್ನು ಕಲಿಯತಕ್ಕದ್ದು. ಹೀಗೆ ಇರುವ ಶಾಲೆ, ಇರುವ ಉಪಾಧ್ಯಾಯರಿಂದಲೇ ಹೆಚ್ಚು ಮಕ್ಕಳಿಗೆ ವಿದ್ಯೆ ದೊರೆಯುವುದು — ಇದು ಯೋಜನೆಯ ಸಾರ. ಕೈಕೆಲಸವನ್ನು ಪೂಜೆಯೆಂದು ತಿಳಿದ ಆಶ್ರಮವಾಸಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಚಮ್ಮಾರನ ಮಗನಿಗೆ ಅಟ್ಟೆ ಹೊಲಿಯುವುದನ್ನೂ ಅಗಸನ ಮಗಳಿಗೆ ಬಟ್ಟೆ ಒಗೆಯುವುದನ್ನೂ ಸರ್ಕಾರವೇ ವಿಧಿಸಿದಂತಾಯಿತೆಂದು ಉಳಿದವರಿಗೆ ಕಂಡಿತು. ಕುಲಕಸುಬಿನ ಶಿಕ್ಷಣವೆಂಬ ಹೆಸರು ಅಂಟಿಕೊಂಡಿತು, ಬಿಡಿಸಲಾಗಲಿಲ್ಲ. ಪೆರಿಯಾರರೂ ದ್ರಾವಿಡ ಪಕ್ಷಗಳೂ ಹೋರಾಡಿದುದಿರಲಿ, ಕಾಂಗ್ರೆಸ್ಸಿನವರೇ ತಿರುಗಿ ಬಿದ್ದರು. ಮಲಬಾರಿನ ದೇವಾಲಯಗಳ ವಿಷಯದಲ್ಲಿ ಊರೂರಿನ ಸಮ್ಮತಿಯನ್ನು ಕೇಳಬೇಕೆಂದು ಹಟ ಹಿಡಿದ ಅದೇ ರಾಜಾಜಿಯವರು ಇಲ್ಲಿ ತಮ್ಮ ಪಕ್ಷದ ಅಭಿಪ್ರಾಯವನ್ನೂ ಮುಂದಾಗಿ ಕೇಳಿರಲಿಲ್ಲ. ತಮಗೆ ಸ್ವಧರ್ಮವೆಂದು ತೋರಿದುದು ಇನ್ನೊಬ್ಬನಿಗೆ ಸಂಕೋಲೆಯಾಗಿ ತೋರಬಹುದೆಂಬುದು ಅಷ್ಟು ತೀಕ್ಷ್ಣಬುದ್ಧಿಯವರಿಗೂ ಹೊಳೆಯದೆ ಹೋಯಿತು. 1954ರ ಏಪ್ರಿಲಿನಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಅನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಅದೇ ವರ್ಷ ಭಾರತರತ್ನ ಬಿರುದು ಮೊಟ್ಟಮೊದಲು ದೊರೆತ ಮೂವರಲ್ಲಿ ಅವರೂ ಒಬ್ಬರಾದರು.

ಅಧಿಕಾರವು ಹೋದ ಮೇಲಿನ ವರ್ಷಗಳೇ ಮನೆಮನೆಗೆ ಅವರನ್ನು ಒಯ್ದವು. ಕಲ್ಕಿ ಪತ್ರಿಕೆಯಲ್ಲಿ ತಮಿಳಿನಲ್ಲಿ ಬರೆದ ಮಹಾಭಾರತವೂ ಚಕ್ರವರ್ತಿ ತಿರುಮಗನ್ ಎಂಬ ರಾಮಾಯಣವೂ, ಅವುಗಳ ಇಂಗ್ಲಿಷ್ ರೂಪಗಳೂ ಲಕ್ಷಾಂತರ ಜನರ ಕೈಸೇರಿದವು. ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಿರುಮಲೆಯ ಸ್ವಾಮಿಯನ್ನು ಕುರಿತು ಅವರು ರಚಿಸಿದ ಕುರೈ ಒನ್ರುಂ ಇಲ್ಲೈ ಎಂಬ ಹಾಡು ಶ್ರೀಮತಿ ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠದಿಂದ ಪ್ರಸಿದ್ಧವಾಗಿದೆ. ತನಗೆ ಯಾವ ಕೊರತೆಯೂ ಇಲ್ಲವೆಂದು ಆ ಶೀರ್ಷಿಕೆಯ ಅರ್ಥ. ವಿಶ್ವಸಂಸ್ಥೆಯಲ್ಲಿ 1966ರಲ್ಲಿ ಆಕೆ ಹಾಡಿದ ಇಂಗ್ಲಿಷ್ ಪ್ರಾರ್ಥನಾಗೀತೆಯೂ ಇವರ ರಚನೆಯೇ. ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿಕೊಳ್ಳಲು 1962ರಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಅಮೆರಿಕೆಗೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡುಬಂದರು.

ಅಷ್ಟರಲ್ಲಿ ಅವರು ತಮ್ಮದೇ ಹೊಸ ಪಕ್ಷವೊಂದನ್ನೂ ಕಟ್ಟಿದ್ದರು. ಸರ್ಕಾರವು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡು ಅಪ್ಪಣೆ ಚೀಟಿಗಳಿಂದ ಪ್ರಜೆಯನ್ನು ಕಟ್ಟಿಹಾಕಿದರೆ ಮನುಷ್ಯನ ಧರ್ಮಬುದ್ಧಿಯು ಕುಂದಿ, ಲಂಚವೊಂದೇ ಬೆಳೆಯುವುದೆಂದು ಅವರ ಮತ. 1959ರಲ್ಲಿ ಸ್ವತಂತ್ರ ಪಕ್ಷವು ಹುಟ್ಟಿತು. 1962ರ ಚುನಾವಣೆಯಲ್ಲಿ ಲೋಕಸಭೆಯ 18 ಸ್ಥಾನಗಳನ್ನೂ 1967ರಲ್ಲಿ 44 ಸ್ಥಾನಗಳನ್ನೂ ಅದು ಗೆದ್ದಿತು. ಚುನಾವಣೆಯಲ್ಲಿ ಹರಿಯುವ ಹಣವನ್ನು ಕಂಡು ಅವರು ಪದೇ ಪದೇ ಮರುಗಿದರು. ವೇಲೂರಿನ ದಿನಚರಿಯ ಮಾತು ಕಣ್ಣೆದುರಿಗೇ ನಡೆಯುತ್ತಿದ್ದಿತು.

ಆದರೆ ಆಸ್ತಿಕ ಲೋಕವನ್ನು ಬೆರಗುಗೊಳಿಸಿದುದು 1967ರಲ್ಲಿ ಮದರಾಸಿನಲ್ಲಿ ಅವರು ಮಾಡಿಕೊಂಡ ಒಡಂಬಡಿಕೆ. ಕಾಂಗ್ರೆಸ್ಸನ್ನು ಇಳಿಸಲು ಅವರು ಅಣ್ಣಾದೊರೈಯವರ ದ್ರಾವಿಡ ಮುನ್ನೇಟ್ರ ಕಳಗದೊಡನೆ ಕೈಗೂಡಿಸಿದರು. ಆ ಪಕ್ಷವು ಹುಟ್ಟಿದುದು ಪೆರಿಯಾರರ ಗರಡಿಯಲ್ಲಿ. ದೇವರು, ಪುರಾಣ, ಬ್ರಾಹ್ಮಣ್ಯ ಇವುಗಳನ್ನು ಹಳಿದು ಬೆಳೆದುದು. ರಾಮಾಯಣ ಬರೆದ ಕೈಯಿಂದ ಇಂಥವರಿಗೆ ಮತ ಯಾಚಿಸುವುದೇ ಎಂದು ಹಲವರು ನೊಂದರು. ಒಂದು ಕೈಯಲ್ಲಿ ಜನಿವಾರವನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಉದಯಸೂರ್ಯನ ಗುರುತಿಗೆ ಮುದ್ರೆಯೊತ್ತಬಹುದೆಂದು ಅವರು ಬ್ರಾಹ್ಮಣರಿಗೆ ಹೇಳಿದರೆಂದು ಜನರು ಇಂದಿಗೂ ಹೇಳುತ್ತಾರೆ. ಈ ಮಾತಿನಲ್ಲಿ ವಿನೋದವಿದ್ದರೂ ವಿಚಾರವೂ ಇದೆ. ಅಭ್ಯರ್ಥಿಯ ಹಣೆಯಲ್ಲಿ ನಾಮವಿದೆಯೇ ವಿಭೂತಿಯಿದೆಯೇ ಎಂದು ನೋಡಿ ಮತ ಕೊಡುವುದನ್ನು ಅವರು ಧರ್ಮವೆಂದು ಎಣಿಸಲಿಲ್ಲ. ಒಂದೇ ಪಕ್ಷವು ಎರಡು ದಶಕಗಳ ಕಾಲ ಅಲುಗದೆ ಕುಳಿತು ಮದವೇರಿದೆಯೆಂದು ಅವರ ಅಂತಃಕರಣವು ಹೇಳಿತು. ಅದನ್ನು ಇಳಿಸುವುದು ಕರ್ತವ್ಯವೆಂದು ತೋರಿತು. ಮತವನ್ನು ಆ ಕರ್ತವ್ಯಕ್ಕೆ ಕೊಟ್ಟರು, ಮತವಿಶ್ವಾಸವನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಒಡಂಬಡಿಕೆಯು ಗೆದ್ದಿತು. ಅಣ್ಣಾದೊರೈಯವರು ಮುಖ್ಯಮಂತ್ರಿಯಾದರು.

ಗೆಲವಿನ ಬೆಲೆಯು ಸ್ವಲ್ಪ ತಡವಾಗಿ ತಿಳಿಯಿತು. ರಾಜಾಜಿಯವರು ಬಿತ್ತಿದ ಪಾನನಿರೋಧವು 1948ರ ವೇಳೆಗೆ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿದ್ದಿತು. 1969ರಲ್ಲಿ ಅಣ್ಣಾದೊರೈಯವರು ತೀರಿಕೊಂಡ ಮೇಲೆ ಬಂದ ಕರುಣಾನಿಧಿಯವರ ಸರ್ಕಾರವು, ಬೊಕ್ಕಸದ ಅಡಚಣೆಯನ್ನು ಹೇಳಿ, 1971ರಲ್ಲಿ ಅದನ್ನು ಸಡಿಲಿಸಿ ಅಂಗಡಿಗಳನ್ನು ತೆರೆಯಲು ನಿಶ್ಚಯಿಸಿತು. ತಾವೇ ಕೈಹಿಡಿದು ಪೀಠಕ್ಕೇರಿಸಿದ ಪಕ್ಷವೇ ತಮ್ಮ ಜೀವಮಾನದ ಕಾರ್ಯವನ್ನು ಕೆಡವುವುದನ್ನು ನೋಡುವ ದಿನವು ಅವರಿಗೆ ಬಂದಿತು. ತೊಂಬತ್ತೆರಡರ ಆ ವೃದ್ಧರು ಸುರಿವ ಮಳೆಯನ್ನೂ ಲೆಕ್ಕಿಸದೆ ಮುಖ್ಯಮಂತ್ರಿಯವರ ಮನೆಗೇ ಹೋಗಿ, ಬಡವರ ಮನೆಗಳನ್ನು ಹಾಳುಮಾಡಬೇಡಿರೆಂದು ಬೇಡಿಕೊಂಡರೆಂದು ತಮಿಳುನಾಡಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ನಿರ್ಧಾರವು ಬದಲಾಗಲಿಲ್ಲ. ಒಂದು ಪೀಳಿಗೆಯು ಹೆಂಡದಂಗಡಿಯನ್ನೇ ಕಾಣದೆ ಬೆಳೆದ ಊರುಗಳಲ್ಲಿ ಮತ್ತೆ ಅಂಗಡಿಗಳು ತೆರೆದವು. ಮೂರು ವರ್ಷಗಳ ತರುವಾಯ ಅದೇ ಸರ್ಕಾರವು ಪಾನನಿರೋಧವನ್ನು ಮತ್ತೆ ಜಾರಿಗೆ ತಂದಿತು, ಆದರೆ ನೋಡಲು ರಾಜಾಜಿಯವರಿರಲಿಲ್ಲ.

1972ರ ಡಿಸೆಂಬರ್ 25ರಂದು, ತೊಂಬತ್ತನಾಲ್ಕು ತುಂಬಿ ಹದಿನೈದು ದಿನಗಳಾದ ಮೇಲೆ, ಅವರು ಮದರಾಸಿನಲ್ಲಿ ದೇಹವನ್ನು ಬಿಟ್ಟರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಚಿಕ್ಕ ಮನೆಯನ್ನು ತಮಿಳುನಾಡು ಸರ್ಕಾರವು ಸ್ಮಾರಕವಾಗಿ ಉಳಿಸಿದೆ. ದಹನಸಂಸ್ಕಾರದ ದಿನ ವೈದಿಕರ ಮಂತ್ರಘೋಷದ ನಡುವೆ ಚಕ್ರದ ಕುರ್ಚಿಯಲ್ಲಿ ಕುಳಿತ ಒಬ್ಬ ವೃದ್ಧರನ್ನು ಜನರು ಚಿತೆಯ ಬಳಿಗೆ ತಂದು ನಿಲ್ಲಿಸಿದರು. ಬಿಳಿಯ ಗಡ್ಡದ ಆ ನಾಸ್ತಿಕರು, ಪೆರಿಯಾರರು, ಎಲ್ಲರೂ ನೋಡುತ್ತಿರುವಂತೆ ಮಗುವಿನ ಹಾಗೆ ಅತ್ತರು.